ಬಾಗಿಲು ಮುಚ್ಚದ ಅಂಗಡಿ

ನಮ್ಮ ಊರುಗಳ ಹಳೆಯ ದಿನಸಿ ಅಂಗಡಿಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಬೆಳಿಗ್ಗೆ ಹಲಗೆಗಳನ್ನು ಒಂದೊಂದಾಗಿ ತೆಗೆದು, ಕಸ ಗುಡಿಸಿ, ನೀರು ಚಿಮುಕಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಮೇಲೆ ವ್ಯಾಪಾರ ಶುರು. ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧ ಬಾಗಿಲು. ರಾತ್ರಿ ಒಂಬತ್ತಕ್ಕೆ ಗಲ್ಲಾ ಎಣಿಸಿ, ಬೀಗ ಜಗ್ಗಿ ನೋಡಿ, ಯಜಮಾನರು ಮನೆಯ ದಾರಿ ಹಿಡಿಯುತ್ತಿದ್ದರು. ಆಮೇಲೆ ಯಾರಿಗಾದರೂ ಕಾಲು ಕೆ.ಜಿ. ಸಕ್ಕರೆ ಬೇಕೆನಿಸಿದರೆ ಬೆಳಗಿನವರೆಗೆ ಕಾಯಬೇಕಿತ್ತು. ಕಾಯುತ್ತಿದ್ದರು ಕೂಡ.

ಈಗ ನಮ್ಮ ನಡುವೆ ಇನ್ನೊಂದು ಬಗೆಯ ಅಂಗಡಿ ಬಂದಿದೆ. ಅದಕ್ಕೆ ಹಲಗೆಯಿಲ್ಲ, ಬೀಗವಿಲ್ಲ. ಅದು ಅಂಗೈಯಗಲದ ಫೋನಿನೊಳಗಿದೆ. 2016ರಲ್ಲಿ ಯುಪಿಐ ಬಂದು ಫೋನಿನಲ್ಲೇ ಹಣ ಪಡೆಯುವುದು ಸಾಧ್ಯವಾಯಿತು. 2020ರ ಲಾಕ್‌ಡೌನ್‌ನಲ್ಲಿ ಕೆಲಸ ಕಳೆದುಕೊಂಡ ಅನೇಕ ಕುಟುಂಬಗಳಿಗೆ ಮನೆಯಲ್ಲೇ ಏನಾದರೂ ಮಾಡಿ ಮಾರುವುದು ಅನಿವಾರ್ಯವಾಯಿತು. ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿ, ಸೀರೆಯ ಕುಚ್ಚು, ಕಸೂತಿ ಕುಪ್ಪಸ ಎಲ್ಲವೂ ಇಂದು ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಮೂಲಕ ಊರೂರಿಗೆ ಹೋಗುತ್ತಿವೆ. ಇದು ಸಂತೋಷದ ಸಂಗತಿಯೇ. ಆದರೆ ಬಾಗಿಲೇ ಮುಚ್ಚದ ಈ ಅಂಗಡಿಯ ಬಾಡಿಗೆಯನ್ನು ಅದನ್ನು ನಡೆಸುವವರ ಶರೀರ ಕಟ್ಟುತ್ತಿರುತ್ತದೆ. ಆ ಬಾಡಿಗೆ ಎಷ್ಟು, ಅದನ್ನು ಕಡಿಮೆ ಮಾಡುವುದು ಹೇಗೆ ಎಂಬುದನ್ನು ಈ ವಾರ ನೋಡೋಣ.

ಒಬ್ಬ ಗೃಹಿಣಿಯ ಕಥೆ

ನಲವತ್ತೆರಡು ವರ್ಷದ ಮಹಿಳೆಯೊಬ್ಬರು ತಲೆನೋವು ಮತ್ತು ಹುಳಿತೇಗಿನ ತೊಂದರೆಗಾಗಿ ಬಂದಿದ್ದರು. ಬಲಗೈ ಹೆಬ್ಬೆರಳ ಬುಡದಲ್ಲಿ ನೋವು, ಹೆರಳು ಹಾಕಿಕೊಳ್ಳಲೂ ಆಗುತ್ತಿಲ್ಲ ಎಂದರು. ರಕ್ತದೊತ್ತಡ 150/96 ಇತ್ತು. ವಿಚಾರಿಸಿದಾಗ ತಿಳಿದದ್ದು: ಮೂರು ವರ್ಷಗಳಿಂದ ಅವರು ಚಟ್ನಿಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು ಮಾಡಿ ಮಾರುತ್ತಿದ್ದಾರೆ. ಬೆಳಿಗ್ಗೆ ಐದಕ್ಕೆ ಹುರಿಯುವುದು, ಮಧ್ಯಾಹ್ನ ಪ್ಯಾಕಿಂಗ್, ಸಂಜೆ ಕೊರಿಯರ್, ರಾತ್ರಿ ಗಿರಾಕಿಗಳ ಪ್ರಶ್ನೆಗಳಿಗೆ ಉತ್ತರ. ವಿದೇಶದಲ್ಲಿರುವ ಕನ್ನಡಿಗರೂ ಗಿರಾಕಿಗಳಾದ ಮೇಲೆ ರಾತ್ರಿ ಒಂದು ಗಂಟೆಗೂ ಫೋನು 'ಟಿಣ್' ಎನ್ನುತ್ತಿತ್ತು. ಅಲ್ಲಿ ಅದು ಹಗಲು ತಾನೆ!

ಮಾತ್ರೆ ಬರೆಯುವ ಮೊದಲೇ ಅವರು ಹೇಳಿದರು: "ಡಾಕ್ಟ್ರೇ, ವ್ಯಾಪಾರ ನಿಲ್ಸಿ ಅಂತ ಮಾತ್ರ ಹೇಳ್ಬೇಡಿ. ಮಗಳ ಕಾಲೇಜು ಫೀಸು ಈ ಪುಡಿಯಿಂದಲೇ ಹೋಗ್ತಿದೆ."

ಅವರ ಮಾತು ಸರಿ. 'ವಿಶ್ರಾಂತಿ ತೆಗೆದುಕೊಳ್ಳಿ' ಎಂದು ಚೀಟಿಯಲ್ಲಿ ಬರೆಯುವುದು ಸುಲಭ. ಆದರೆ ಮನೆಯ ಆದಾಯವೇ ಅದಾಗಿರುವಾಗ ಆ ಸಲಹೆ ಯಾರ ಉಪಯೋಗಕ್ಕೂ ಬಾರದು. ಹಾಗೆಂದು ಅದೇ ರೀತಿ ಮುಂದುವರಿದರೆ ಒಂದು ದಿನ ಶರೀರವೇ ವ್ಯಾಪಾರವನ್ನು ನಿಲ್ಲಿಸಿಬಿಡುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಒಬ್ಬ ನೌಕರ ಹಾಸಿಗೆ ಹಿಡಿದರೆ ಇನ್ನೊಬ್ಬ ಬರುತ್ತಾನೆ. ಮನೆಯ ಉದ್ಯಮದಲ್ಲಿ ಯಜಮಾನಿ, ಬಾಣಸಿಗಳು, ಗುಮಾಸ್ತೆ, ಲೆಕ್ಕಿಗಳು ಎಲ್ಲವೂ ಒಬ್ಬರೇ. ಆದ್ದರಿಂದ ನಿಮ್ಮ ಆರೋಗ್ಯವೇ ಈ ವ್ಯಾಪಾರದ ಮೂಲ ಬಂಡವಾಳ. ಬಂಡವಾಳವನ್ನೇ ಕರಗಿಸಿ ಲಾಭವೆಂದು ಎಣಿಸುವುದು ಯಾವ ಲೆಕ್ಕ?

ಶರೀರದಲ್ಲಿ ಏನಾಗುತ್ತದೆ?

ಎದುರಿಗೆ ಹಾವು ಕಂಡಾಗ ಎದೆ ಡವಗುಟ್ಟುವುದನ್ನು ನೀವು ಬಲ್ಲಿರಿ. ಮೂತ್ರಪಿಂಡಗಳ ಮೇಲೆ ಟೊಪ್ಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಆಗ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ರಕ್ತದಲ್ಲಿ ಸಕ್ಕರೆಯ ಅಂಶ ಮೇಲೇರುತ್ತದೆ. ಓಡಲು ಅಥವಾ ಹೋರಾಡಲು ನಿಸರ್ಗ ಮಾಡಿಕೊಟ್ಟ ಏರ್ಪಾಡು ಇದು. ಹಾವು ಸರಿದುಹೋದ ಮೇಲೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳಬೇಕು.

ಆದರೆ 'ಪಾರ್ಸೆಲ್ ಇನ್ನೂ ಬಂದಿಲ್ಲ', 'ಪುಡಿ ಖಾರವಾಯಿತು, ಹಣ ವಾಪಸು ಕೊಡಿ' ಎಂಬ ಸಂದೇಶಗಳು ದಿನಕ್ಕೆ ನಲವತ್ತು ಬಂದರೆ? ಪ್ರತಿಯೊಂದೂ ಒಂದು ಪುಟ್ಟ ಹಾವು. ಶರೀರಕ್ಕೆ ಮೊದಲಿನ ಸ್ಥಿತಿಗೆ ಮರಳಲು ಪುರಸೊತ್ತೇ ಸಿಗುವುದಿಲ್ಲ. ನಿದ್ರೆ ಕೆಡುತ್ತದೆ, ಹೊಟ್ಟೆ ಉರಿಯುತ್ತದೆ, ಸಣ್ಣ ಮಾತಿಗೂ ಮಕ್ಕಳ ಮೇಲೆ ರೇಗುವಂತಾಗುತ್ತದೆ.

ದೀರ್ಘ ಅವಧಿಯ ದುಡಿಮೆಯ ಅಪಾಯಕ್ಕೆ ಅಂಕಿಅಂಶಗಳ ಆಧಾರವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಮೆದುಳಿನ ಆಘಾತದ ಅಪಾಯ ಶೇಕಡ 35ರಷ್ಟು, ಹೃದಯಕ್ಕೆ ರಕ್ತ ಸಾಲದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡ 17ರಷ್ಟು ಹೆಚ್ಚು. ಮೇಲೆ ಹೇಳಿದ ಮಹಿಳೆ ತಮ್ಮ ಗಂಟೆಗಳನ್ನು ಬೆರಳು ಮಡಚಿ ಎಣಿಸಿದಾಗ, ಮನೆಗೆಲಸವನ್ನು ಬಿಟ್ಟು, ವ್ಯಾಪಾರದ್ದೇ ವಾರಕ್ಕೆ 70 ಗಂಟೆಯಾಗಿತ್ತು!

ಕೈ ಏಕೆ ಫೋನಿನತ್ತಲೇ ಹೋಗುತ್ತದೆ?

'ರಾತ್ರಿ ಫೋನು ನೋಡಬಾರದೆಂದು ಗೊತ್ತು, ಆದರೂ ಕೈ ಕೇಳುವುದಿಲ್ಲ' ಎಂದು ಅನೇಕರು ಹೇಳುತ್ತಾರೆ. ಇದು ಅವರ ದೌರ್ಬಲ್ಯವೆಂದು ತಿಳಿಯಬೇಕಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗಗಳನ್ನು ಮಾಡಿ ಒಂದು ಸಂಗತಿಯನ್ನು ತೋರಿಸಿದ್ದರು. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಗುವ ಹಕ್ಕಿ, ಕಾಳು ನಿಂತ ಸ್ವಲ್ಪ ಹೊತ್ತಿಗೆ ಕುಕ್ಕುವುದನ್ನು ಬಿಡುತ್ತದೆ. ಆದರೆ ಒಮ್ಮೆ ಸಿಕ್ಕಿ, ನಾಲ್ಕು ಸಲ ಸಿಗದೆ, ಮತ್ತೆ ಯಾವಾಗಲೋ ಸಿಗುವಂತೆ ಮಾಡಿದರೆ ಹಕ್ಕಿ ಕುಕ್ಕುತ್ತಲೇ ಇರುತ್ತದೆ.

ನಿಮ್ಮ ಫೋನಿನಲ್ಲಿ ಆಗುವುದೂ ಇದೇ. ಹತ್ತು ಸಲ ನೋಡಿದರೆ ಒಂದು ಸಲ ಆರ್ಡರ್ ಇರುತ್ತದೆ, ಎರಡು ಸಲ ಹೊಗಳಿಕೆ, ಒಂದು ಸಲ ಬೈಗುಳ. ಯಾವಾಗ ಯಾವುದು ಎಂದು ತಿಳಿಯದ್ದರಿಂದಲೇ ಕೈ ಮತ್ತೆ ಮತ್ತೆ ಹೋಗುತ್ತದೆ. ಆದ್ದರಿಂದ ಮನಸ್ಸನ್ನು ಗದರಿಸಿ ಪ್ರಯೋಜನವಿಲ್ಲ, ಫೋನನ್ನು ಕೈಗೆಟುಕದ ಜಾಗದಲ್ಲಿಡಬೇಕು. ಮಲಗುವ ಕೋಣೆಯಿಂದ ಅದನ್ನು ಹೊರಹಾಕಿ ನಡುಮನೆಯಲ್ಲಿ ಚಾರ್ಜಿಗಿಡಿ. ಬೆಳಿಗ್ಗೆ ಏಳಲು ಹತ್ತಾರು ವರ್ಷ ನಮ್ಮನ್ನು ಎಬ್ಬಿಸಿದ ಅಲಾರಂ ಗಡಿಯಾರ ಇನ್ನೂ ಅಂಗಡಿಗಳಲ್ಲಿ ಸಿಗುತ್ತದೆ.

ಕಣ್ಣು, ಕತ್ತು, ಹೆಬ್ಬೆರಳು

ಸಾಧಾರಣವಾಗಿ ನಾವು ನಿಮಿಷಕ್ಕೆ 15ರಿಂದ 20 ಸಲ ಕಣ್ಣು ಮಿಟುಕಿಸುತ್ತೇವೆ. ಪ್ರತಿ ಮಿಟುಕಿಗೂ ಕಣ್ಣೀರಿನ ತೆಳುಪದರ ಕಣ್ಣಿನ ಮೇಲೆ ಹರಡುತ್ತದೆ. ಪರದೆಯನ್ನು ದಿಟ್ಟಿಸುವಾಗ ಮಿಟುಕುವುದು ಬಹಳ ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವುದು ಇದಕ್ಕೆ ಸರಳ ಪರಿಹಾರ. ಕಿಟಕಿಯಾಚೆಯ ತೆಂಗಿನ ಮರವಾದರೂ ಸರಿ. ನಲವತ್ತು ದಾಟಿದವರು ಚಾಳೀಸಿನ ಕನ್ನಡಕ ಬೇಕೇ ಎಂದು ಪರೀಕ್ಷಿಸಿಕೊಳ್ಳಿ.

ನಮ್ಮ ತಲೆಯ ತೂಕ ಸುಮಾರು 5 ಕೆ.ಜಿ. ನೆಟ್ಟಗೆ ಕುಳಿತಾಗ ಕತ್ತು ಹೊರುವ ಭಾರ ಅಷ್ಟೇ. ಫೋನಿನ ಮೇಲೆ ತಲೆ ಬಾಗಿಸಿದಷ್ಟೂ ಆ ಭಾರ ಹೆಚ್ಚುತ್ತ ಹೋಗಿ, 60 ಡಿಗ್ರಿ ಬಾಗಿದಾಗ ಸುಮಾರು 27 ಕೆ.ಜಿ. ಆಗುತ್ತದೆಂದು 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ತಿಳಿಸಿತು. ಅಂದರೆ ಅಕ್ಕಿಯ ಮೂಟೆಯೊಂದನ್ನು ಕತ್ತಿನ ಮೇಲಿಟ್ಟುಕೊಂಡು ಉತ್ತರ ಟೈಪು ಮಾಡಿದ ಹಾಗೆ. ಫೋನನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿಯಿರಿ. ನೆಲದ ಮೇಲೆ ಬಗ್ಗಿ ಕುಳಿತು ಪೊಟ್ಟಣ ಕಟ್ಟುವ ಬದಲು ಸೊಂಟದೆತ್ತರದ ಮೇಜನ್ನು ಬಳಸಿ.

ಹೆಬ್ಬೆರಳ ಬುಡದ ನೋವಿಗೆ ವೈದ್ಯಶಾಸ್ತ್ರದಲ್ಲಿ ಡಿ ಕೆರ್ವೇನ್ ಕಾಯಿಲೆ ಎಂದು ಹೆಸರು. ಫ್ರಿಟ್ಸ್ ಡಿ ಕೆರ್ವೇನ್ ಎಂಬ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ 1895ರಲ್ಲಿ ಇದನ್ನು ವಿವರಿಸಿದಾಗ ಫೋನಿನ ಪರದೆ ಇರಲಿಲ್ಲ. ಬಟ್ಟೆ ಹಿಂಡುವಂಥ, ಕೈ ತಿರುಚುವ ಕೆಲಸಗಳನ್ನು ಪದೇ ಪದೇ ಮಾಡುವವರಲ್ಲೂ ಇದು ಬರುತ್ತದೆ. ಹೆಬ್ಬೆರಳನ್ನು ಎಳೆಯುವ ಸ್ನಾಯುರಜ್ಜುಗಳು ಮಣಿಕಟ್ಟಿನ ಬಳಿ ಕಿರಿದಾದ ಕೊಳವೆಯಲ್ಲಿ ಹಾದುಹೋಗುತ್ತವೆ. ಅತಿಯಾದ ಬಳಕೆಯಿಂದ ಆ ಕೊಳವೆ ದಪ್ಪವಾಗಿ ರಜ್ಜುಗಳನ್ನು ಹಿಸುಕುತ್ತದೆ. ಆರಂಭದಲ್ಲೇ ವಿಶ್ರಾಂತಿ ಕೊಟ್ಟರೆ, ಸಂದೇಶವನ್ನು ಟೈಪು ಮಾಡುವ ಬದಲು ಮಾತಿನಲ್ಲಿ ಕಳಿಸಿದರೆ, ಬಹಳಷ್ಟು ಮಂದಿಗೆ ಗುಣವಾಗುತ್ತದೆ. ಎರಡು ವಾರದಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.

ಮೆಣಸಿನಕಾಯಿ ಹುರಿಯುವವರಿಗೆ ಒಂದು ಮಾತು. ಆ ಘಾಟು ಗಂಟಲಿಗೂ ಶ್ವಾಸಕೋಶಕ್ಕೂ ಕಿರಿಕಿರಿ. ಆಸ್ತಮಾ ಇರುವ ಮಕ್ಕಳು ಅಥವಾ ವೃದ್ಧರು ಮನೆಯಲ್ಲಿದ್ದರೆ ಅದು ಅಪಾಯಕಾರಿಯೂ ಹೌದು. ಕಿಟಕಿ ತೆರೆದು, ಹೊಗೆ ಹೊರಗೆಳೆಯುವ ಫ್ಯಾನು ಹಾಕಿಯೇ ಕೆಲಸಕ್ಕಿಳಿಯಿರಿ.

ಬೆಲೆಯೂ ಒಂದು ಔಷಧ

ಆರೋಗ್ಯದ ಅಂಕಣದಲ್ಲಿ ಬೆಲೆಯ ಮಾತೇಕೆ ಎಂದು ನೀವು ಕೇಳಬಹುದು. ಮನೆಯಲ್ಲಿ ಮಾಡಿ ಮಾರುವ ಬಹಳಷ್ಟು ಮಂದಿ ಬೇಳೆ, ಮೆಣಸಿನಕಾಯಿ, ಗ್ಯಾಸು, ಡಬ್ಬಿ ಎಲ್ಲದರ ಲೆಕ್ಕ ಹಿಡಿಯುತ್ತಾರೆ. ತಮ್ಮ ದುಡಿಮೆಯ ಲೆಕ್ಕವನ್ನು ಮಾತ್ರ ಬಿಡುತ್ತಾರೆ. ನಿದ್ರೆ ಸೋರಿಹೋಗುವ ತೂತು ಇಲ್ಲಿದೆ.

ಒಂದು ಉದಾಹರಣೆ ನೋಡಿ. ಒಂದು ಕೆ.ಜಿ. ಪುಡಿಗೆ ಎಲ್ಲ ಖರ್ಚೂ ಸೇರಿ 300 ರೂಪಾಯಿ ಎಂದಿಟ್ಟುಕೊಳ್ಳಿ. 400ಕ್ಕೆ ಮಾರಿದರೆ ಉಳಿಯುವುದು 100. ತಿಂಗಳಿಗೆ 12,000 ರೂಪಾಯಿ ಬೇಕಾದರೆ 120 ಕೆ.ಜಿ. ಮಾಡಬೇಕು. ಬೆಲೆಯನ್ನು 450ಕ್ಕೆ ಏರಿಸಿದರೆ ಉಳಿಯುವುದು 150. ಅದೇ 12,000ಕ್ಕೆ 80 ಕೆ.ಜಿ. ಸಾಕು. ಬೆಲೆ ಹೆಚ್ಚಾಯಿತೆಂದು ಮಾರಾಟ ಮೂರರಲ್ಲಿ ಒಂದು ಪಾಲು ಇಳಿದರೂ ಆದಾಯ ಅಷ್ಟೇ ಇರುತ್ತದೆ, ದುಡಿಮೆ ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಆ ಉಳಿದ ಹೊತ್ತು ನಿಮ್ಮ ನಿದ್ರೆ, ನಿಮ್ಮ ಊಟ, ನಿಮ್ಮ ಸಂಜೆಯ ನಡಿಗೆ. ನಮ್ಮ ಮಹಿಳೆಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನ ಕೈಗೆ ನಾನೇ ಕೂಲಿ ಕೊಟ್ಟಿರ್ಲಿಲ್ಲ ಡಾಕ್ಟ್ರೇ" ಎಂದರು.

ಇದರ ಜೊತೆಗೆ ವಾರಕ್ಕೆ ಇಂತಿಷ್ಟೇ ಎಂಬ ಮಿತಿಯೂ ಬೇಕು. ದೀಪಾವಳಿ, ಯುಗಾದಿಯ ಹೊತ್ತಿಗೆ ಬಂದ ಆರ್ಡರನ್ನೆಲ್ಲ ಒಪ್ಪಿಕೊಂಡು ಹಬ್ಬದ ದಿನ ಜ್ವರ ಹಿಡಿದು ಮಲಗುವವರನ್ನು ಪ್ರತಿವರ್ಷ ಕಾಣುತ್ತೇವೆ. 'ಈ ವಾರದ್ದು ಮುಗಿಯಿತು, ಮುಂದಿನ ವಾರ ಕಳಿಸುತ್ತೇನೆ' ಎಂದರೆ ಒಳ್ಳೆಯ ಗಿರಾಕಿ ಕಾಯುತ್ತಾನೆ.

ಬಾಗಿಲು ಹಾಕುವುದು ಹೇಗೆ?

1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡತೊಡಗಿದರು. ಅದೇ ಇಂದಿನ ಲಿಜ್ಜತ್. ಅಲ್ಲಿನ ಸದಸ್ಯೆಯರು ಬೆಳಿಗ್ಗೆ ಕಲಸಿದ ಹಿಟ್ಟನ್ನು ಕೊಂಡೊಯ್ದು, ಮನೆಯಲ್ಲಿ ಲಟ್ಟಿಸಿ ಒಣಗಿಸಿ, ಮರುದಿನ ಹಪ್ಪಳ ಒಪ್ಪಿಸಿ ಕೂಲಿ ಪಡೆಯುವ ಪದ್ಧತಿ. ಮನೆಯ ಕೆಲಸವೇ ಆದರೂ ಅದಕ್ಕೆ ಮೊದಲು, ಕೊನೆ ಎರಡೂ ಇವೆ. ಹಿಟ್ಟು ಮುಗಿದರೆ ಆ ದಿನದ ದುಡಿಮೆ ಮುಗಿಯಿತು. ಫೋನಿನ ವ್ಯಾಪಾರದಲ್ಲಿ ಈ ಕೊನೆಯನ್ನು ನಾವೇ ಮಾಡಿಕೊಳ್ಳಬೇಕು. ಅದಕ್ಕೆ ಕೆಲವು ಉಪಾಯಗಳು ಹೀಗಿವೆ:

1. ವ್ಯಾಪಾರಕ್ಕೆ ಬೇರೆಯೇ ನಂಬರು ಇರಲಿ. ಹಳೆಯ ಫೋನೊಂದರಲ್ಲಿ ಆ ಸಿಮ್ ಹಾಕಿ. ಸಂಜೆ ಅದನ್ನು ಕಪಾಟಿನಲ್ಲಿಟ್ಟರೆ ಅಂಗಡಿ ಮುಚ್ಚಿದ ಹಾಗೆ. ಅಕ್ಕತಂಗಿಯರ ಕರೆಗೆ ನಿಮ್ಮ ಸ್ವಂತ ಫೋನು ಇದ್ದೇ ಇರುತ್ತದೆ.

2. ಉತ್ತರಿಸುವ ಹೊತ್ತನ್ನು ಗೊತ್ತುಮಾಡಿ. ಬೆಳಿಗ್ಗೆ ಹತ್ತರಿಂದ ಹನ್ನೊಂದು, ಸಂಜೆ ಐದರಿಂದ ಏಳು ಎಂದಿರಲಿ. ಉಳಿದ ಹೊತ್ತಿನಲ್ಲಿ ತಾನಾಗಿ ಉತ್ತರ ಹೋಗುವ ಸೌಲಭ್ಯ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿದೆ. 'ನಿಮ್ಮ ಸಂದೇಶ ತಲುಪಿದೆ, ನಾಳೆ ಹತ್ತು ಗಂಟೆಗೆ ಉತ್ತರಿಸುತ್ತೇವೆ' ಎಂದು ಬರೆದಿಡಿ.

3. ವಾರಕ್ಕೊಂದು ದಿನ ಪೂರ್ತಿ ರಜೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆ ಅಂಗಡಿಯ ನೌಕರನಿಗೆ ವಾರದ ರಜೆಯನ್ನು ಕೊಟ್ಟಿದೆ. ನಿಮ್ಮ ಒಬ್ಬಳೇ ನೌಕರಳಾದ ನಿಮಗೆ ನೀವೇಕೆ ಕೊಡಬಾರದು?

4. ಮಧ್ಯಾಹ್ನದ ಊಟವನ್ನು ಕುಳಿತು ಮಾಡಿ. ಪುಡಿಯ ರುಚಿ ನೋಡಿದ್ದು, ಎರಡು ಲೋಟ ಕಾಫಿ ಕುಡಿದದ್ದು ಊಟವಲ್ಲ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

5. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರದ 150 ನಿಮಿಷ ಇದರಿಂದಲೇ ತುಂಬುತ್ತದೆ. ಕೊರಿಯರ್ ಅಂಗಡಿ ಹತ್ತಿರವಿದ್ದರೆ ನಡೆದೇ ಹೋಗಿಬನ್ನಿ.

6. ರಾತ್ರಿ ಏಳು ಗಂಟೆಯಾದರೂ ನಿದ್ರೆ ಬೇಕು. ಹಣದ ವ್ಯವಹಾರವನ್ನು ದಣಿದ ತಲೆಯಲ್ಲಿ ಮಾಡಬೇಡಿ. ಹಣ ಹಾಕಿದ್ದೇವೆಂದು ಸುಳ್ಳು ಚಿತ್ರ ಕಳಿಸುವವರು, ಹೆಚ್ಚಿಗೆ ಬಂದಿದೆ ವಾಪಸು ಕೊಡಿ ಎನ್ನುವವರು ಕಾಯುವುದು ಇಂಥ ಹೊತ್ತಿಗೇ. ಹಣ ಪಡೆಯಲು ಎಂದೂ ಪಿನ್ ಒತ್ತಬೇಕಿಲ್ಲ ಎಂಬುದು ನೆನಪಿರಲಿ. ಮೋಸಹೋದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಹೊಗಳಿಕೆ, ಬೈಗುಳ ಮತ್ತು ಪಕ್ಕದ ಅಂಗಡಿ

ನೂರು ಜನ ಮೆಚ್ಚಿದ್ದು ಮರೆತುಹೋಗುತ್ತದೆ, ಒಬ್ಬರು ಬರೆದ 'ಚೆನ್ನಾಗಿಲ್ಲ' ಎಂಬುದು ರಾತ್ರಿಯಿಡೀ ಕೊರೆಯುತ್ತದೆ. ನಮ್ಮ ಮನಸ್ಸಿನ ರಚನೆಯೇ ಹಾಗಿದೆ. ಒಳ್ಳೆಯದಕ್ಕಿಂತ ಕೆಟ್ಟದ್ದು ಅದಕ್ಕೆ ಹೆಚ್ಚು ಅಂಟುತ್ತದೆ. ದೂರು ಬಂದಾಗ ಕೂಡಲೇ ಉತ್ತರಿಸದೆ ಒಂದು ಗಂಟೆ ಬಿಡಿ. ಆಮೇಲೆ ಎರಡು ಪ್ರಶ್ನೆ ಹಾಕಿಕೊಳ್ಳಿ: ಇದರಲ್ಲಿ ತಿದ್ದಿಕೊಳ್ಳುವಂಥದ್ದು ಏನಾದರೂ ಇದೆಯೆ? ಇದ್ದರೆ ಏನು? ಪುಡಿಗೆ ಉಪ್ಪು ಹೆಚ್ಚಾಗಿದ್ದರೆ ಉಪ್ಪನ್ನು ಕಡಿಮೆ ಮಾಡಬಹುದು. ಉಪ್ಪು ಹೆಚ್ಚಾದ ಮಾತ್ರಕ್ಕೆ ನೀವು ಕೆಟ್ಟವರಾಗುವುದಿಲ್ಲ.

ಇನ್ನೊಬ್ಬರ ಪುಟವನ್ನು ನೋಡಿ ಕರುಬುವುದೂ ಈ ವ್ಯಾಪಾರದ ಒಂದು ರೋಗ. ಅವರು ಹಾಕುವುದು ಮಾರಿದ ಡಬ್ಬಿಗಳ ಚಿತ್ರ. ಬೂಸ್ಟು ಬಂದು ಎಸೆದ ಡಬ್ಬಿಗಳ ಚಿತ್ರವನ್ನು ಯಾರೂ ಹಾಕುವುದಿಲ್ಲ.

ಹೀಗೆ ದಣಿಯುತ್ತ ದಣಿಯುತ್ತ ಒಂದು ಘಟ್ಟ ಬರುತ್ತದೆ. ದುಡಿಮೆಯ ನಿರಂತರ ಒತ್ತಡದಿಂದ ಬರುವ ಈ ಬಳಲಿಕೆಯ ವಿವರಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಹೊಸ ವರ್ಗೀಕರಣದಲ್ಲಿ ಸೇರಿಸಿತು. ಅದನ್ನು ರೋಗವೆಂದು ಕರೆಯಲಿಲ್ಲ, ದುಡಿಮೆಗೆ ಸಂಬಂಧಿಸಿದ ಸ್ಥಿತಿ ಎಂದಿತು. ಅದರ ಗುರುತುಗಳು ಮೂರು. ಮೊದಲನೆಯದು, ಶಕ್ತಿಯೆಲ್ಲ ಬತ್ತಿಹೋದ ಭಾವನೆ. ಎರಡನೆಯದು, ಮೊದಲು ಪ್ರೀತಿಯಿಂದ ಮಾಡುತ್ತಿದ್ದ ಕೆಲಸದ ಮೇಲೆ ಬೇಸರ, ತಾತ್ಸಾರ. ಮೂರನೆಯದು, ಕೆಲಸದಲ್ಲಿ ಕೈ ಹಿಡಿತ ತಪ್ಪುವುದು. ಒಂದೂರಿನ ಪಾರ್ಸೆಲ್ಲು ಇನ್ನೊಂದೂರಿಗೆ ಹೋಗತೊಡಗಿದರೆ ತಪ್ಪನ್ನು ಕೊರಿಯರಿನವನಲ್ಲಿ ಹುಡುಕುವ ಮೊದಲು ನಿಮ್ಮ ನಿದ್ರೆಯಲ್ಲಿ ಹುಡುಕಿ.

ಮನೆಯವರಿಗೆ ಎರಡು ಮಾತು

ಈ ಪತ್ರಿಕೆಯನ್ನು ಓದುತ್ತಿರುವ ಗಂಡಸರೇ, ಮಕ್ಕಳೇ, 'ಮನೆಯಲ್ಲೇ ಇರುತ್ತಾಳಲ್ಲ' ಎಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಆಕೆ ಒಂದೇ ಸೂರಿನಡಿ ಎರಡು ಕೆಲಸ ಮಾಡುತ್ತಿದ್ದಾಳೆ. ವಿಳಾಸದ ಚೀಟಿ ಅಂಟಿಸುವುದು, ಕೊರಿಯರಿಗೆ ಒಯ್ಯುವುದು, ವಾರದ ಲೆಕ್ಕ ಬರೆಯುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಫೋನು ಮುಚ್ಚಿಟ್ಟ ದಿನ ರಾತ್ರಿಯ ಅಡಿಗೆಯೂ ಬೇರೆಯವರ ಪಾಲಿಗೆ ಬಂದರೆ ಮಾತ್ರ ಅದು ನಿಜವಾದ ರಜೆ.

ವೈದ್ಯರನ್ನು ಯಾವಾಗ ಕಾಣಬೇಕು?

ಎದೆ ಹಿಂಡಿದಂತಾಗುವುದು, ಮುಖ ಸೊಟ್ಟಗಾಗುವುದು, ಒಂದು ಕೈಯಲ್ಲಿ ಬಲವಿಲ್ಲದಾಗುವುದು, ಮಾತು ತೊದಲುವುದು ಕಂಡುಬಂದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ. ಎರಡು ವಾರಕ್ಕೂ ಮೀರಿ ನಿದ್ರೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಅಕಾರಣವಾಗಿ ಅಳು ಬರುತ್ತಿದ್ದರೆ, ಬದುಕೇ ಬೇಡವೆನಿಸಿದರೆ, ಅದನ್ನು ಬರಿಯ ದಣಿವೆಂದು ತಳ್ಳಿಹಾಕಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳು, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಫೋನಿನ ಬಳಕೆಯೇ ಕೈಮೀರಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಪ್ರತ್ಯೇಕ ಚಿಕಿತ್ಸಾಲಯವನ್ನು ಆರಂಭಿಸಿತು.

ನಮ್ಮ ಮಹಿಳೆ ಮೂರು ತಿಂಗಳ ಮೇಲೆ ಮತ್ತೆ ಬಂದಿದ್ದರು. ಬೆಲೆ ಏರಿಸಿದಾಗ ಕೆಲವು ಗಿರಾಕಿಗಳು ಹೋದರಂತೆ, ಹೆಚ್ಚಿನವರು ಉಳಿದರಂತೆ. ಸೋಮವಾರ ರಜೆ. ಕೊರಿಯರಿನ ಕೆಲಸ ಮಗಳದ್ದು. ರಕ್ತದೊತ್ತಡ 134/84ಕ್ಕೆ ಇಳಿದಿತ್ತು. ಮಾತ್ರೆ ಇನ್ನೂ ನಡೆಯುತ್ತಿದೆ, ಅದನ್ನು ತಾವಾಗಿ ಬಿಡುವಂತಿಲ್ಲ ಎಂದು ತಿಳಿಸಿದ್ದೇನೆ. ವಿದೇಶದ ಗಿರಾಕಿಗಳು ಏನೆಂದರು ಎಂದು ಕೇಳಿದೆ. "ಬೆಳಿಗ್ಗೆ ಉತ್ತರ ಕೊಡ್ತೀನಿ ಅಂತ ಬರೆದಿಟ್ಟೆ. ಒಬ್ಬರೂ ಬೇಜಾರು ಮಾಡ್ಕೊಳ್ಳಲಿಲ್ಲ. ನಾನೇ ಸುಮ್ನೆ ಮೂರು ವರ್ಷ ಎದ್ದು ಕೂತಿದ್ದೆ" ಎಂದು ನಕ್ಕರು.

ಇವತ್ತು ರಾತ್ರಿ ಒಂಬತ್ತಕ್ಕೆ ನಿಮ್ಮ ಅಂಗಡಿಯ ಬಾಗಿಲನ್ನೂ ಒಮ್ಮೆ ಹಾಕಿ ನೋಡಿ. ಸಕ್ಕರೆ ಬೇಕಾದವರು ಬೆಳಿಗ್ಗೆ ಬರುತ್ತಾರೆ.